ಬಟ್ಟಲು ತೊಳೆಯುವವನಲ್ಲ, ಬಟ್ಲರ್

ಸಂಪಾದಕರೇ,

ಶನಿವಾರದ ಕಾರ್ಮಿಕರ ಕಾರ್ಡ್ ಶಿಬಿರದ ಸುದ್ದಿಯನ್ನು ಸೋಮವಾರದ ಪತ್ರಿಕೆಯಲ್ಲಿ ಓದಿದೆ. ‘ಶಿಬಿರ ಯಶಸ್ವಿ’ ಅಂತ ಹಾಕಿದ್ದೀರಿ. ಫೋಟೋದಲ್ಲಿ ವೇದಿಕೆ ಮೇಲಿನವರು ಕಾಣುತ್ತಾರೆ, ಗೇಟಿನ ಹೊರಗಿನ ತನಕ ನಿಂತಿದ್ದ ಸಾಲು ಕಾಣುವುದಿಲ್ಲ. ಆ ಸಾಲಿನಲ್ಲಿ ನಾನಿದ್ದೆ. ಬೆಳಿಗ್ಗೆ ಎಂಟೂವರೆಗೆ ಹೋದವನು ಟೇಬಲ್ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ನಾನಿರುವ ಕ್ಯಾಂಪಿನಿಂದ, ಅಂದರೆ ಬೆಳಗಾವಿಯ ದಂಡು ಪ್ರದೇಶದಿಂದ, ಆಟೊಕ್ಕೆ 120 ರೂಪಾಯಿ. ಅರ್ಧ ದಿನದ ಪಗಾರ ಹೋಯಿತು. ಆಧಾರ್ ಝೆರಾಕ್ಸ್ ಎರಡು ಸಲ ಮಾಡಿಸಿದೆ, ಮೊದಲನೆಯದು ಕಪ್ಪಾಗಿದೆ ಅಂತ ವಾಪಸ್ ಕೊಟ್ಟರು. ನೀರಿನ ಡ್ರಮ್ ಹನ್ನೊಂದಕ್ಕೇ ಖಾಲಿ. ನನ್ನ ಮುಂದೆ ಮೂರು ಮನೆ ಪಾತ್ರೆ ತಿಕ್ಕುವ ಅಕ್ಕ ಒಬ್ಬರಿದ್ದರು. ಮಧ್ಯಾಹ್ನದ ಮನೆಯವರು ಬೈಯುತ್ತಾರೆ ಅಂತ ಒಂದು ಗಂಟೆಗೆ ಕಾರ್ಡ್ ಇಲ್ಲದೆಯೇ ಹೊರಟು ಹೋದರು.

ಇದನ್ನೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಬೇರೆ.

ಟೇಬಲ್ ಹಿಂದಿನ ಹುಡುಗ ‘ಏನ್ ಕೆಲಸ?’ ಅಂದ. ‘ಬಟ್ಲರ್’ ಅಂದೆ. ‘ಅಂದ್ರ? ಬಟ್ಟಲಾ ತೊಳಿಯಾವ್ರೇನ್ರಿ ಕಾಕಾ?’ ಅಂತ ಪಕ್ಕದವನ ಕಡೆ ನೋಡಿ ನಕ್ಕ. ಪಕ್ಕದವನು ‘ಹಂಗಾರ ಬಟ್ಲರ್ ಇಂಗ್ಲಿಷ್ ಒಂದೀಟ ಮಾತಾಡ್ರಿ’ ಅಂದ. ಹಿಂದೆ ನಿಂತವರೂ ನಕ್ಕರು. ಆಮೇಲೆ ‘ಆ ಹೆಸರು ಕಂಪ್ಯೂಟರ್‌ನ್ಯಾಗ ಇಲ್ರಿ’ ಅಂತ ಹೇಳಿ ‘ಇತರೆ’ ಅಂತ ಒತ್ತಿದ. 34 ವರ್ಷ ಮಾಡಿದ ಕೆಲಸ ಒಂದು ಗುಂಡಿ ಒತ್ತಿದ್ದಕ್ಕೆ ‘ಇತರೆ’ ಆಯಿತು. ಅದೂ ಪೂರ್ತಿ ಆಗಲಿಲ್ಲ. ಮಾಲೀಕರಿಂದ ಪತ್ರ ತನ್ನಿ, ಮುಂದಿನ ಶಿಬಿರಕ್ಕೆ ಬನ್ನಿ ಅಂದರು. ಮುಂದಿನ ಶಿಬಿರ ಎಲ್ಲಿ ಅಂದರೆ ಯಾರಿಗೂ ಗೊತ್ತಿಲ್ಲ.

ಬಟ್ಟಲಲ್ಲ ತಮ್ಮಾ, ಬಾಟಲಿ. ಹಳೆಯ ಫ್ರೆಂಚಿನಲ್ಲಿ ಬಾಟಲಿ ನೋಡಿಕೊಳ್ಳುವವನಿಗೆ ಇದ್ದ ಹೆಸರೇ ಇಂಗ್ಲಿಷಿಗೆ ಬಂದು ಬಟ್ಲರ್ ಆಯಿತು. ದೊಡ್ಡ ಮನೆಗಳಲ್ಲಿ ವೈನ್ ಇಡುವ ನೆಲಮಾಳಿಗೆಯ ಕೀಲಿಕೈ ಅವನ ಹತ್ತಿರ ಇರುತ್ತಿತ್ತು. ಬೆಳ್ಳಿ ಸಾಮಾನೂ ಅವನದೇ ಜವಾಬ್ದಾರಿ. ನಂಬಿಕಸ್ಥನಲ್ಲದವನ ಕೈಗೆ ಯಾರಾದರೂ ಕೀಲಿ ಕೊಡುತ್ತಾರಾ? ಬರಬರುತ್ತಾ ಮನೆಯ ಗಂಡಾಳುಗಳಿಗೆಲ್ಲ ಅವನೇ ಹಿರಿಯನಾದ. ಇಂಗ್ಲೆಂಡಿನಲ್ಲಿ ಗಂಡಾಳು ಇಟ್ಟುಕೊಳ್ಳುವುದೇ ದೊಡ್ಡಸ್ತಿಕೆ. ಅದಕ್ಕೇ 1777ರಲ್ಲಿ, ಅಮೆರಿಕದ ಯುದ್ಧದ ಖರ್ಚಿಗೆ ದುಡ್ಡು ಬೇಕಾದಾಗ, ಸರ್ಕಾರ ಆಳಿಗೆ ವರ್ಷಕ್ಕೊಂದು ಗಿನಿ (ಆಗಿನ ಚಿನ್ನದ ನಾಣ್ಯ) ಅಂತ ಯಜಮಾನರ ಮೇಲೆ ತೆರಿಗೆ ಹಾಕಿತು. ಅದು ಹೋದದ್ದು 1937ರಲ್ಲಿ. ತೆರಿಗೆಗಾದರೂ ಸರಿ, ಅಲ್ಲಿ ಲೆಕ್ಕದ ಪುಸ್ತಕದಲ್ಲಿ ನಮ್ಮಂಥವರಿಗೆ ಒಂದು ಸಾಲು ಇತ್ತು.

ಬೆಳಗಾವಿಗೆ ಈ ಕೆಲಸ ಬಂದದ್ದು ಪಲ್ಟಣದ ಜೊತೆ. 1818ರಲ್ಲಿ ಕೋಟೆ ಬ್ರಿಟಿಷರ ಕೈಗೆ ಹೋಯಿತು, ಆಮೇಲೆ ಕ್ಯಾಂಪ್ ಬೆಳೆಯಿತು, ಬಂಗಲೆಗಳು ಎದ್ದವು. ಉತ್ತರದ ಕಡೆ ಖಾನ್‌ಸಾಮಾ ಅಂದವನಿಗೇ ಮದ್ರಾಸ್, ಮುಂಬೈ ಪ್ರಾಂತಗಳಲ್ಲಿ ಬಟ್ಲರ್ ಅಂದರು. ಅಡುಗೆಯವ, ಪಾತ್ರೆ ತಿಕ್ಕುವ ಮಸಾಲ್ಚಿ, ಹಮಾಲ, ಮಾಲಿ, ನೀರು ತರುವ ಭಿಸ್ತಿ, ಎಲ್ಲರೂ ಅವನ ಮಾತು ಕೇಳಬೇಕು. ದಿನಾ ಬೆಳಿಗ್ಗೆ ಬಜಾರಿನ ಲೆಕ್ಕ ಮೇಮ್‌ಸಾಬ್ ಮುಂದೆ ಒಪ್ಪಿಸುವುದೂ ಅವನೇ. ಒಂದು ಚಮಚ ಕಮ್ಮಿ ಬಿದ್ದರೆ ಅವನ ತಲೆಗೇ.

ನನ್ನ ಅಜ್ಜ ಅಂಥ ಒಂದು ಬಂಗಲೆಯಲ್ಲಿ 1947ರ ತನಕ ಇದ್ದ. ಅಡುಗೆಮನೆ ಬೇರೆ, ಹಿತ್ತಲಲ್ಲಿ. ಬೆಳಗಾವಿ ಮಳೆ ನಿಮಗೆ ಗೊತ್ತಲ್ಲ. ಜುಲೈನಲ್ಲಿ ಸೂಪಿನ ಬೋಗುಣಿ ಹಿಡಿದು ಅಷ್ಟು ದೂರ ನಡೆದು, ಒಂದು ಹನಿ ಮಳೆನೀರು ಬೀಳದಂತೆ, ಬಿಸಿ ಆರದಂತೆ ಮೇಜಿಗೆ ತರಬೇಕು. ಬಡಿಸುವುದು ಎಡಗಡೆಯಿಂದ, ತಟ್ಟೆ ಎತ್ತುವುದು ಬಲಗಡೆಯಿಂದ. ಜಾಳಿಗೆ ಕಪಾಟಿನ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು, ಇರುವೆ ಹತ್ತಬಾರದು ಅಂತ. ಗಾಜಿನ ಲೋಟ ಒರೆಸಿದ ಮೇಲೆ ದೀಪಕ್ಕೆ ಹಿಡಿದು ನೋಡಬೇಕು, ಬೆರಳಿನ ಗುರುತು ಕಂಡರೆ ಮತ್ತೆ ಒರೆಸಬೇಕು. ಅಜ್ಜ ಅಪ್ಪನಿಗೆ ಕಲಿಸಿದ, ಅಪ್ಪ ನನಗೆ. ಈಗ ಟಿಳಕವಾಡಿಯ ಒಂದು ಮನೆಯಲ್ಲಿದ್ದೇನೆ. ಇವತ್ತಿಗೂ ಬೆಳಕಿಗೆ ಹಿಡಿಯದೆ ಒಂದು ಲೋಟವನ್ನೂ ಮೇಜಿನ ಮೇಲೆ ಇಟ್ಟವನಲ್ಲ.

ಇನ್ನು ಆ ‘ಬಟ್ಲರ್ ಇಂಗ್ಲಿಷ್’. ಬಟ್ಲರರು ಆಡುತ್ತಿದ್ದ ಹರಕುಮುರುಕು ಇಂಗ್ಲಿಷಿಗೆ ಇಟ್ಟ ಹೆಸರು ಅದು. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಅಜ್ಜ ಶಾಲೆ ಮೆಟ್ಟಿಲು ಹತ್ತಿದವನಲ್ಲ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಮಟನ್ ಅಂಗಡಿಯಲ್ಲಿ ಉರ್ದು, ಗೋವಾದಿಂದ ಬಂದ ಅಡುಗೆಯವನ ಜೊತೆ ಕೊಂಕಣಿ, ಸಾಹೇಬನ ಜೊತೆ ಇಂಗ್ಲಿಷ್. ಒಟ್ಟು ಐದು. ಸಾಹೇಬನಿಗೆ ಬರುತ್ತಿದ್ದದ್ದು ಒಂದೇ. ಆ ಸಾಹೇಬರು ಇವರ ಇಂಗ್ಲಿಷಿಗೆ ನಕ್ಕರು, ಪುಸ್ತಕಗಳಲ್ಲೂ ಬರೆದಿಟ್ಟರು. ಆದರೆ ಅದೇ ನಗುವನ್ನು ನಾವು ಎತ್ತಿಕೊಂಡು ನಮ್ಮ ಅಜ್ಜಂದಿರ ಮೇಲೆ ಯಾಕೆ ನಗಬೇಕು?

ಅಜ್ಜನ ಚೀಟಿಗಳು ಇನ್ನೂ ನಮ್ಮ ಟ್ರಂಕಿನಲ್ಲಿವೆ. ವರ್ಗವಾಗಿ ಹೋಗುವಾಗ ಸಾಹೇಬರು ‘ಇವನು ಒಳ್ಳೆಯವ’ ಅಂತ ಬರೆದುಕೊಟ್ಟಿದ್ದು. ಮಡಿಕೆಯಲ್ಲಿ ಹರಿದಿವೆ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಇಂಗ್ಲಿಷಿನ ‘ಚಿಟ್’ ಅನ್ನೋ ಪದವೇ ನಮ್ಮ ದೇಶದ ಚಿಟ್ಠಿಯಿಂದ ಹೋದದ್ದು. ಆ ಚೀಟಿ ಇಲ್ಲದಿದ್ದರೆ ಮುಂದಿನ ಬಂಗಲೆಯಲ್ಲಿ ಕೆಲಸ ಸಿಗುವುದು ಕಷ್ಟ. ಸಿಟ್ಟಿನಲ್ಲಿ ಒಬ್ಬ ಸಾಹೇಬ ಬರೆದುಕೊಡದೆ ಹೋದರೆ ಬಟ್ಲರನ ಸಂಸಾರವೇ ಬೀದಿಗೆ ಬೀಳುತ್ತಿತ್ತು. ಮೊನ್ನೆ ‘ಮಾಲೀಕರ ಪತ್ರ ತನ್ನಿ’ ಅಂದಾಗ ನನಗೆ ಆ ಟ್ರಂಕೇ ಕಣ್ಣಮುಂದೆ ಬಂತು. ಸಾಹೇಬರು ಹೋಗಿ ಇಷ್ಟು ವರ್ಷ ಆಯಿತು, ಚೀಟಿ ಕೇಳುವುದು ಮಾತ್ರ ಹೋಗಲಿಲ್ಲ. ನಾಳೆ ಏನಾದರೂ ಹಕ್ಕು ಕೇಳಿಯಾನು ಅಂತ ಎಷ್ಟೋ ಮಾಲೀಕರು ಬರೆದುಕೊಡಲು ಹೆದರುತ್ತಾರೆ, ಇದು ಅಧಿಕಾರಿಗಳಿಗೆ ಗೊತ್ತಿಲ್ಲವಾ?

ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಿ ನಮ್ಮ ಸರ್ಕಾರ ಆದೇಶ ಹೊರಡಿಸಿದ್ದು 2004ರಲ್ಲಿ. ಅದು ನಮ್ಮ ಓಣಿಯ ಯಾರ ಕೈಗೂ ತಲುಪಿಲ್ಲ. ಅಧಿಕಾರಿಗಳಿಗೆ ನಮ್ಮ ಕೆಲಸ ಏನು ಅಂತ ಗೊತ್ತಿಲ್ಲ ಅನ್ನಬೇಡಿ. ರೈಲ್ವೆ ಸಾಹೇಬರ ಮನೆಗೆ ಬಂಗ್ಲೆ ಪ್ಯೂನ್ ಅಂತ ಹೊಸಬರನ್ನು ತಗೊಳ್ಳುವುದು ನಿಂತದ್ದೇ 2020ರಲ್ಲಿ. ಐಬಿಗೆ, ಅಂದರೆ ಸರ್ಕಾರಿ ಪ್ರವಾಸಿ ಬಂಗಲೆಗೆ, ಬಂದವರು ಖಾನ್‌ಸಾಮಾ ಚಹಾ ತರಲು ಐದು ನಿಮಿಷ ತಡ ಮಾಡಿದರೆ ಕೂಗಾಡುತ್ತಾರೆ. 2012ರಲ್ಲಿ ಸುವರ್ಣಸೌಧ ಆಯಿತು, ಸಂತೋಷ. ಅಧಿವೇಶನ ಬಂತು ಅಂದರೆ ಊರಿನ ಅಡುಗೆಯವರು, ವೇಟರ್‌ಗಳು, ನಮ್ಮಂಥವರು ಯಾರಿಗೂ ನಿದ್ದೆ ಇಲ್ಲ. ಬೆಳಗಿನ ತಿಂಡಿಯಿಂದ ರಾತ್ರಿ ಹಾಲಿನ ತನಕ ಎಲ್ಲ ಬೇಕು. ಆ ಹೊತ್ತಿನಲ್ಲಿ ನಾವು ಬೇಕು, ಕಾರ್ಡ್ ಕೊಡುವ ಹೊತ್ತಿನಲ್ಲಿ ‘ಇತರೆ’.

ಈ ಕಚೇರಿಗಳ ಕಥೆಯೇ ಹೀಗೆ. ನನ್ನ ಹೆಂಡತಿಯ ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿ ಎರಡು ವರ್ಷ ಓಡಾಡಿದೆ. ಒಬ್ಬರು ಇನ್ನೊಬ್ಬರ ಹತ್ತಿರ ಕಳಿಸುತ್ತಾರೆ, ಅವರು ಇವರ ಹತ್ತಿರ. ನಮ್ಮ ಓಣಿಯ ದೀಪ ಗಣಪತಿ ಹಬ್ಬದಿಂದ ಉರಿಯುತ್ತಿಲ್ಲ, ಹೇಳಿದರೆ ಬರೆದುಕೊಡಿ ಅಂತಾರೆ, ಬರೆದುಕೊಟ್ಟರೆ ಕಾಗದ ಸಿಗುತ್ತಿಲ್ಲ ಅಂತಾರೆ.

ಈಗ ನಾನು ಕೇಳುವುದು ಇಷ್ಟು. ಕಂಪ್ಯೂಟರಿನಲ್ಲಿ ನಮ್ಮ ಕೆಲಸದ ಹೆಸರು ಸೇರಿಸಿ. ಆಗಲ್ಲ ಅಂದರೆ ನಾವು ಹೇಳಿದ ಹೆಸರನ್ನು ಕೈಯಲ್ಲಾದರೂ ಬರೆಯಿರಿ. ಸಾಲಿನಲ್ಲಿ ನಿಂತ ಹೆಣ್ಣುಮಕ್ಕಳಿಗೆ ಕೂರಲು ಕುರ್ಚಿ ಇಡಿ, ನೀರು ಇಡಿ. ಅರ್ಧಕ್ಕೇ ಹೋದ ಆ ಅಕ್ಕನಂಥವರಿಗೆ ಭಾನುವಾರ ಸಂಜೆ ಶಿಬಿರ ಮಾಡಿ. ನಕ್ಕ ಆ ಇಬ್ಬರು ಹುಡುಗರಿಗೆ ಅವರ ಮನೆಯ ಹಿರಿಯರಾದರೂ ನಾಲ್ಕು ಮಾತು ಹೇಳಲಿ. ಇದ್ಯಾವುದೂ ಆಗುವುದಿಲ್ಲ ಅಂದರೆ ಶಿಬಿರ ಮಾಡಲೇಬೇಡಿ, ನಮ್ಮ ಅರ್ಧ ದಿನದ ಪಗಾರವಾದರೂ ಉಳಿಯುತ್ತೆ.

— ಒಬ್ಬ ಬಟ್ಲರ್, ಕ್ಯಾಂಪ್, ಬೆಳಗಾವಿ