ಫ್ರೀ-ಮೋಷನ್ ಕ್ವಿಲ್ಟಿಂಗ್ ಅಭ್ಯಾಸ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಫ್ರೀ-ಮೋಷನ್ ಕ್ವಿಲ್ಟಿಂಗನ್ನು (ಹೊಲಿಗೆ ಯಂತ್ರದಡಿ ಬಟ್ಟೆಯನ್ನು ಕೈಯಿಂದಲೇ ಬೇಕಾದತ್ತ ಸರಿಸುತ್ತ ಪದರಗಳನ್ನು ಹೊಲಿಯುವ ವಿಧಾನ) ದೊಡ್ಡ ಕೌದಿಯ ಮೇಲೆ ನೇರವಾಗಿ ಆರಂಭಿಸದೆ, 30 ಸೆಂ.ಮೀ. ಚೌಕದ ತುಂಡುಗಳ ಮೇಲೆ ಕೈ ಪಳಗಿಸಿಕೊಳ್ಳಬೇಕೆಂದು ಕೋರುತ್ತೇನೆ. ಮೇಲ್ಬಟ್ಟೆ, ನಡುವಿನ ಹತ್ತಿಯ ಪದರ ಹಾಗೂ ಅಡಿಬಟ್ಟೆಗಳನ್ನು ಪಿನ್ನುಗಳಿಂದ ಹಿಡಿಸಿ, ಯಂತ್ರದಲ್ಲಿ ಬಟ್ಟೆಯನ್ನು ತಳ್ಳುವ ಹಲ್ಲುಗಳನ್ನು ಇಳಿಸಿದ ಮೇಲೆ ಹೊಲಿಗೆಯ ಉದ್ದ ಪೂರ್ತಿಯಾಗಿ ನಿಮ್ಮ ಕೈಗೆ ಸೇರುತ್ತದೆ. ಯಂತ್ರದ ವೇಗವನ್ನು ಮೀರಿ ಕೈ ಓಡಿದರೆ ಹೊಲಿಗೆ ಉದ್ದವಾಗುತ್ತದೆ, ಕೈ ತಡವರಿಸಿದರೆ ಒಂದೇ ಕಡೆ ಒತ್ತೊತ್ತಾಗಿ ಬೀಳುತ್ತದೆ. ತಿರುವುಗಳಲ್ಲಿ ಬಟ್ಟೆಯನ್ನು ರಭಸದಿಂದ ಎಳೆದಾಗ ಮೇಲಿನ ದಾರದ ಕುಣಿಕೆಗಳು ಹಿಂಬದಿಯಲ್ಲಿ ರೆಪ್ಪೆಗೂದಲಿನಂತೆ ಚಾಚಿಕೊಳ್ಳುವುದರಿಂದ, ಆಗಾಗ ತುಂಡನ್ನು ಮಗುಚಿ ನೋಡಿ. ಹಲ್ಲು ಇಳಿಸಿದ್ದರೂ ಡಾರ್ನಿಂಗ್ ಪಾದವನ್ನು (ಈ ಹೊಲಿಗೆಗೆಂದು ಸೂಜಿಯ ಬಳಿ ಜೋಡಿಸುವ ಒತ್ತುಪಾದ) ಇಳಿಸಲೇಬೇಕು. ಅದನ್ನು ಮರೆತರೆ (ನಾನು ಇಂದಿಗೂ ಮರೆಯುವುದುಂಟು) ಅಡಿಯಲ್ಲಿ ದಾರದ ಗೂಡೇ ಕಟ್ಟುತ್ತದೆ.

ಪಳಗಿಸಿದ ತುಂಡುಗಳನ್ನು ಎಸೆಯದೆ ಲೋಟದಡಿಯ ಚೌಕ ಅಥವಾ ಸಣ್ಣ ಚೀಲವಾಗಿಸಬಹುದು. ತುಂಡುಬಟ್ಟೆ ಜೋಡಿಸುವಾಗ ಮಾತ್ರ ಹೊಲಿಗೆಯಿಂದ ಬಟ್ಟೆಯ ತುದಿಯವರೆಗಿನ 6 ಮಿ.ಮೀ. ಅಂಚನ್ನು ಬಿಗಿಯಾಗಿ ಪಾಲಿಸಿ: ಆ ಅಂಚು 1 ಮಿ.ಮೀ. ಹೆಚ್ಚಾದರೂ ಎಂಟು ತುಂಡುಗಳ ಸಾಲು (ಏಳು ಜೋಡಣೆ, ಪ್ರತಿಯೊಂದರಲ್ಲೂ ಎರಡು ಅಂಚು) 14 ಮಿ.ಮೀ. ಗಿಡ್ಡವಾಗುತ್ತದೆ. ನಿಮ್ಮ ತುಂಡುಗಳ ಎರಡೂ ಬದಿಯ ಚಿತ್ರಗಳನ್ನು, ವಿಶೇಷವಾಗಿ ಹಿಂಬದಿಯದನ್ನು, ಗುಂಪಿಗೆ ಕಳುಹಿಸಿ.