ಪಾಲುದಾರಿಕೆಗೆ ಬಾಯಿಮಾತು ಸಾಲದು

ಮಾನ್ಯರೇ,

ಸ್ನೇಹಿತರಿಬ್ಬರು ಸೇರಿ ಅಂಗಡಿ ತೆರೆಯುವಾಗ ಬಾಡಿಗೆ, ಬೋರ್ಡು, ಪೂಜೆಯ ಮುಹೂರ್ತ ಎಲ್ಲ ನಿಗದಿಯಾಗಿರುತ್ತವೆ. ಯಾರಿಗೆ ಎಷ್ಟು ಎಂಬುದು ಮಾತ್ರ ‘ಆಮೇಲೆ ನೋಡಿಕೊಳ್ಳೋಣ’. ಬರೆದುಕೊಳ್ಳದಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೇ ಕಲಂ ಅನ್ವಯಿಸುತ್ತದೆ. ಒಬ್ಬರು 8 ಲಕ್ಷ, ಇನ್ನೊಬ್ಬರು 2 ಲಕ್ಷ ಹಾಕಿದ್ದರೂ ಲಾಭ, ನಷ್ಟ ಸಮಪಾಲು. ದಿನವಿಡೀ ಗಲ್ಲಾದಲ್ಲಿ ಕೂರುವವರಿಗೆ ಸಂಬಳವಿಲ್ಲ, ಬಂಡವಾಳಕ್ಕೆ ಬಡ್ಡಿಯೂ ಇಲ್ಲ. ಬಂಡವಾಳಕ್ಕಿಂತ ಹೆಚ್ಚಾಗಿ ಕೊಟ್ಟ ಮುಂಗಡಕ್ಕಷ್ಟೇ ವರ್ಷಕ್ಕೆ ಶೇ 6. ಹಣ ಹಾಕಿದವರು ಬಡ್ಡಿ ಕೇಳುತ್ತಾರೆ, ದುಡಿದವರು ಸಂಬಳ ಕೇಳುತ್ತಾರೆ. ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ.

ಹಾಗಾಗಿ ಪಾಲುದಾರಿಕೆ ಕರಾರುಪತ್ರದಲ್ಲಿ ಪ್ರತಿಯೊಬ್ಬರ ಬಂಡವಾಳ, ಸಂಬಳ, ತಿಂಗಳಿಗೆ ಮನೆಖರ್ಚಿಗೆ ತೆಗೆಯಬಹುದಾದ ಮಿತಿ, ಎಷ್ಟು ಮೊತ್ತದ ಮೇಲಿನ ಚೆಕ್ಕಿಗೆ ಇಬ್ಬರ ಸಹಿ ಎಂಬುದು ಇರಲಿ. ಸಾಲಕ್ಕೆ ಇಬ್ಬರ ಸ್ವಂತ ಆಸ್ತಿಯೂ ಹೊಣೆ ಎಂಬುದನ್ನು ಮನೆಯವರಿಗೂ ತಿಳಿಸಿ.

ಬಿಟ್ಟುಹೋಗುವ ಮಾತು ಅಪಶಕುನವೆಂದು ಬಹಳ ಜನ ಎತ್ತುವುದೇ ಇಲ್ಲ. ಅವಧಿ ಗೊತ್ತುಮಾಡದಿದ್ದರೆ ಒಬ್ಬರ ಲಿಖಿತ ನೋಟಿಸಿಗೇ ಸಂಸ್ಥೆ ವಿಸರ್ಜನೆಯಾಗಬಹುದು. ಇಬ್ಬರೇ ಇದ್ದಲ್ಲಿ ಒಬ್ಬರ ಸಾವಿನೊಂದಿಗೆ ಪಾಲುದಾರಿಕೆ ಮುಗಿಯುತ್ತದೆ. ದಾಸ್ತಾನಿಗೆ ಬೆಲೆ ಕಟ್ಟುವವರು ಯಾರು, ವಾರಸುದಾರರಿಗೆ ಎಷ್ಟು ಕಂತಿನಲ್ಲಿ ಹಣ ಎಂದು ಮೊದಲೇ ಬರೆಯಿರಿ.

ನೋಟರಿ ಮುಂದೆ ಸಹಿ ಹಾಕಿದ ಮಾತ್ರಕ್ಕೆ ನೋಂದಣಿಯಾಗದು. ಸಂಸ್ಥೆಗಳ ರಿಜಿಸ್ಟ್ರಾರ್ ಬಳಿ ನೋಂದಾಯಿಸದಿದ್ದರೆ, 69ನೇ ಕಲಮಿನಂತೆ, ಉದ್ರಿ ಉಳಿಸಿಕೊಂಡ ಗಿರಾಕಿಯ ಮೇಲೆ ಸಂಸ್ಥೆ ವಸೂಲಿ ದಾವೆ ಹೂಡಲಾಗದು. ಅವರು ನಿಮ್ಮ ಮೇಲೆ ಹೂಡಬಹುದು.

– ಲೆಕ್ಕಪತ್ರ ವೃತ್ತಿಯವರು, ದಾವಣಗೆರೆ