ಲಂಡನ್ ಮೃಗಾಲಯದ ಬಗ್ಗೆ ಅಪ್ಪನವರಿಗೆ

ಲಂಡನ್

ತೀರ್ಥರೂಪು ಅಪ್ಪನವರಿಗೂ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ.

ಬೇಸಿಗೆ ರಜೆಗೆ ನೀವೆಲ್ಲ ಬಂದಾಗ ಅಣ್ಣನ ಮಕ್ಕಳನ್ನು ಮೊದಲು ಇಲ್ಲಿನ ಮೃಗಾಲಯಕ್ಕೇ ಕರೆದೊಯ್ಯಬೇಕೆಂದು ಅತ್ತಿಗೆ ಹೇಳಿದ್ದಾರೆ. ಬನ್ನೇರುಘಟ್ಟವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರೆ ಮಕ್ಕಳಿಗೆ ನಿರಾಸೆಯಾದೀತು, ಆದ್ದರಿಂದ ಮುಂಚೆಯೇ ತಿಳಿಸಿಬಿಡುತ್ತೇನೆ: ಇಲ್ಲಿ ಬಸ್ಸಿನಲ್ಲಿ ಕುಳಿತು ಸಫಾರಿ ಹೋಗುವಂತಿಲ್ಲ, ಆನೆಯಂತೂ ಒಂದೂ ಇಲ್ಲ. ರೀಜೆಂಟ್ಸ್ ಪಾರ್ಕಿನ ಉತ್ತರದ ಅಂಚಿನಲ್ಲಿ, ನಡುವೆ ಒಂದು ಕಾಲುವೆಯೂ ಒಂದು ರಸ್ತೆಯೂ ಹಾದುಹೋಗುವ 36 ಎಕರೆ ಜಾಗವಷ್ಟೇ ಅದರದು. 240 ಎಕರೆಯ ನಮ್ಮ ಲಾಲ್‌ಬಾಗಿನಲ್ಲಿ ಅಂಥವು ಆರು ಹಿಡಿಸುತ್ತವೆ. ಆದರೆ ಹಳೆಯ ಕಟ್ಟಡ ಕಂಡಲ್ಲೆಲ್ಲ ನಿಂತುಬಿಡುವ ನಿಮಗೆ, ಅಪ್ಪ, ಮಕ್ಕಳಿಗಿಂತ ಹೆಚ್ಚು ಹಿಡಿಸುವ ಜಾಗವಿದು.

ಸಿಂಗಾಪುರದಲ್ಲಿ ಬ್ರಿಟಿಷ್ ನೆಲೆಯನ್ನು ಸ್ಥಾಪಿಸಿದ ಸ್ಟ್ಯಾಂಫರ್ಡ್ ರಾಫಲ್ಸ್ 1826ರಲ್ಲಿ ಇಲ್ಲಿನ ಪ್ರಾಣಿಶಾಸ್ತ್ರ ಸಂಘವನ್ನು ಹುಟ್ಟುಹಾಕಿ ಅದೇ ವರ್ಷ ತೀರಿಕೊಂಡರು. ಆ ಸಂಘ ಈ ಮೃಗಾಲಯವನ್ನು ತೆರೆದದ್ದು 1828ರಲ್ಲಿ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು 1892ರಲ್ಲಿ ಮೃಗಾಲಯ ಆರಂಭಿಸುವ ಹೊತ್ತಿಗೆ ಇದಕ್ಕೆ ಅರವತ್ತು ದಾಟಿತ್ತು. ಮೊದಮೊದಲು ಇದು ವಿದ್ವಾಂಸರ ಅಧ್ಯಯನಕ್ಕೆಂದೇ ಇದ್ದ ಸಂಗ್ರಹ. ಜನಸಾಮಾನ್ಯರಿಗೆ ಪ್ರವೇಶ ಸಿಕ್ಕಿದ್ದು 1847ರಲ್ಲಿ. ಜೆನ್ನಿ ಎಂಬ ಒರಾಂಗುಟಾನ್, ಕಾವಲುಗಾರ ಸೇಬು ತೋರಿಸಿ ಕೊಡದೆ ಹೋದಾಗ ಮಗುವಿನಂತೆ ಅಂಗಾತ ಬಿದ್ದು ಕಾಲು ಬಡಿದು ಅತ್ತದ್ದನ್ನು ಚಾರ್ಲ್ಸ್ ಡಾರ್ವಿನ್ 1838ರಲ್ಲಿ ಇಲ್ಲಿಯೇ ಕಂಡು ತಮ್ಮ ಅಕ್ಕನಿಗೆ ಪತ್ರ ಬರೆದಿದ್ದರು. ಜಗತ್ತಿನಲ್ಲೇ ಮೊದಲನೆಯದೆನಿಸಿದ ಸರೀಸೃಪಗಳ ಮನೆ 1849ರಲ್ಲೂ, ಸಾರ್ವಜನಿಕ ಮತ್ಸ್ಯಾಗಾರ 1853ರಲ್ಲೂ ಇಲ್ಲಿ ಆರಂಭವಾದವು.

ಆನೆಗಳಿಲ್ಲವೆಂದೆನಲ್ಲ, ಒಂದು ಕಾಲಕ್ಕೆ ಈ ಮೃಗಾಲಯ ಹೆಸರುವಾಸಿಯಾಗಿದ್ದೇ ಆನೆಯಿಂದ. 1865ರಲ್ಲಿ ಬಂದ ಜಂಬೋ ಎಂಬ ಆಫ್ರಿಕಾದ ಆನೆ ಊರಿನ ಮಕ್ಕಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಿತ್ತು. 1882ರಲ್ಲಿ ಅದನ್ನು ಅಮೆರಿಕದ ಸರ್ಕಸ್ ಒಡೆಯ ಬಾರ್ನಮ್‌ಗೆ 2000 ಪೌಂಡಿಗೆ ಮಾರಿದಾಗ, ಮಾರಬಾರದೆಂದು ಮಕ್ಕಳು ವಿಕ್ಟೋರಿಯಾ ರಾಣಿಗೇ ಕಾಗದ ಬರೆದರಂತೆ. ಮಾರಾಟ ನಿಲ್ಲಲಿಲ್ಲ, 1885ರಲ್ಲಿ ಕೆನಡಾದಲ್ಲಿ ರೈಲಿಗೆ ಸಿಕ್ಕಿ ಜಂಬೋ ಸತ್ತುಹೋಯಿತು. ಇಲ್ಲಿ ಉಳಿದಿದ್ದ ಕೊನೆಯ ಆನೆಗಳನ್ನು 2001ರಲ್ಲಿ ಇದೇ ಸಂಘದ ವಿಪ್‌ಸ್ನೇಡ್ ಮೃಗಾಲಯದ ವಿಶಾಲ ಬಯಲಿಗೆ ಸಾಗಿಸಿದರು. 1960ರ ದಶಕದಲ್ಲಿ ಅವುಗಳಿಗೆಂದು ಕಟ್ಟಿದ ಒರಟು ಕಾಂಕ್ರೀಟಿನ ಮನೆ ಮಾತ್ರ ಹಾಗೆಯೇ ನಿಂತಿದೆ.

ಪೆಂಗ್ವಿನ್ ಕೊಳದ ಕಥೆಯೂ ಅದೇ. 1934ರಲ್ಲಿ ಲುಬೆಟ್ಕಿನ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಅಂಡಾಕಾರದ ಕೊಳವದು. ಕೆಳಗೆ ಕಂಬದ ಆಸರೆಯಿಲ್ಲದ ಎರಡು ಬಿಳಿಯ ಇಳಿಜಾರು ದಾರಿಗಳು ಒಂದನ್ನೊಂದು ಬಳಸಿಕೊಂಡು ಗಾಳಿಯಲ್ಲೇ ಇಳಿಯುತ್ತವೆ. ನೋಡುವವರ ಕಣ್ಣಿಗೆ ಅದು ಹಬ್ಬವೇ ಸರಿ. ಆದರೆ ಗಟ್ಟಿ ಕಾಂಕ್ರೀಟಿನ ಮೇಲೆ ನಡೆದ ಪೆಂಗ್ವಿನ್‌ಗಳ ಪಾದಗಳಿಗೆ ಗಾಯವಾಗುತ್ತಿತ್ತು. 2004ರಲ್ಲಿ ಅವು ಬೇರೆಡೆಗೆ ಹೋದವು. ಕಟ್ಟಡಕ್ಕೆ ಕಾನೂನಿನ ಅತ್ಯುನ್ನತ ರಕ್ಷಣೆಯಿರುವುದರಿಂದ ಅದನ್ನು ಕೆಡವುವಂತಿಲ್ಲ. ಪ್ರಾಣಿಗಿಂತ ಕಟ್ಟಡಕ್ಕೇ ಹೆಚ್ಚು ಭದ್ರತೆ ಸಿಕ್ಕಿತಲ್ಲ ಎಂದು ನನಗೆ ಅನ್ನಿಸಿದ್ದುಂಟು. ಸ್ನೋಡನ್ ಪಕ್ಷಿಗೃಹದ ಹಣೆಬರಹ ಇದಕ್ಕಿಂತ ವಾಸಿ: ಹಕ್ಕಿಗಳಿದ್ದ ಆ ಬೃಹತ್ ಬಲೆಯೊಳಗೆ 2022ರಿಂದ ಕೊಲೊಬಸ್ ಕೋತಿಗಳಿವೆ.

ಅಮ್ಮನಿಗೆ ನಗು ಬರಿಸುವುದು ಸಿಂಹಗಳ ಆವರಣ. 2016ರಲ್ಲಿ ತೆರೆದ ಇದನ್ನು ಗುಜರಾತಿನ ಗೀರ್ ಕಾಡಿನಂಚಿನ ಸಾಸಣ್ ಊರಿನಂತೆ ಅಲಂಕರಿಸಿದ್ದಾರೆ: ರೈಲು ನಿಲ್ದಾಣ, ಅಂಗಡಿ ಬೀದಿ, ಮೂಟೆಗಳು, ರಿಕ್ಷಾ, ಪಾಳುಬಿದ್ದ ಗುಡಿ. ಗಾಂಧಿ ಬಜಾರಿನಲ್ಲಿ ದಿನವೂ ತರಕಾರಿ ಕೊಳ್ಳುವವರು ಪೌಂಡು ತೆತ್ತು ಇದನ್ನು ನೋಡಬೇಕೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಆ ನಾಟಕದ ರಂಗಸಜ್ಜಿಕೆಯನ್ನು ಬದಿಗಿಟ್ಟರೂ ಒಳಗಿರುವ ಪ್ರಾಣಿಗೆ ಬೆಲೆಯಿದೆ. 2025ರ ಗಣತಿಯಲ್ಲಿ ಗುಜರಾತಿನಲ್ಲಿ 891 ಏಷ್ಯಾ ಸಿಂಹಗಳು ಕಂಡುಬಂದವು, ಆ ಒಂದು ಪ್ರದೇಶ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಅವಿಲ್ಲ. 2018ರಲ್ಲಿ ಗೀರ್‌ನಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ರೋಗದ ವೈರಸ್ ಹರಡಿ ಸಿಂಹಗಳು ಸತ್ತದ್ದು ನಿಮಗೆ ನೆನಪಿರಬಹುದು. ಅಂಥ ರೋಗ ದೊಡ್ಡದಾಗಿ ಬಂದರೆ ವಂಶ ಪೂರ್ತಿ ಅಳಿಯದಿರಲೆಂದು ಯುರೋಪಿನ ಮೃಗಾಲಯಗಳು ಜೋಡಿ ಗೊತ್ತುಮಾಡಿ ಮರಿ ಮಾಡಿಸುತ್ತವೆ. ಇಲ್ಲಿನ ಸಿಂಹಗಳೂ ಆ ಏರ್ಪಾಡಿಗೆ ಸೇರಿದವು.

ಕ್ಯಾಮ್ಡನ್ ಟೌನ್ ನಿಲ್ದಾಣದಲ್ಲಿ ಇಳಿದು ನಡೆದರೆ ಮೃಗಾಲಯ ದೂರವೇನಲ್ಲ. ಅಮ್ಮನ ಮಂಡಿನೋವಿಗೆ ಟ್ಯಾಕ್ಸಿಯೇ ಮೇಲು. ಟಿಕೆಟ್ ಮುಂಗಡವಾಗಿ ತೆಗೆಯುವುದು ಒಳ್ಳೆಯದಾದ್ದರಿಂದ ನೀವು ಹೊರಡುವ ತಾರೀಖು ಗೊತ್ತಾದ ಕೂಡಲೇ ನನಗೆ ತಿಳಿಸಲು ಅಣ್ಣನಿಗೆ ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು